ವಿಷಯ: ಅಪ್ಪನ ರಿವಾಲ್ವರ್

ಶಿವಮೊಗ್ಗ
19 ಆಗಸ್ಟ್ 2024, ಸೋಮವಾರ

ಅಣ್ಣ,

ಇಂದು 2024ರ ಆಗಸ್ಟ್ ಹತ್ತೊಂಬತ್ತು. ಈ ಪತ್ರದ ಉದ್ದೇಶ ಒಂದೇ: ಅಪ್ಪನ ರಿವಾಲ್ವರನ್ನು ಆಯನೂರಿಗೆ ಕಳಿಸಿಕೊಡು ಎಂದು ನೀನು ಮೊನ್ನೆ ಕೇಳಿದೆಯಲ್ಲ, ಅದು ಏಕೆ ಸಾಧ್ಯವಿಲ್ಲವೆಂಬುದನ್ನು ಲಿಖಿತವಾಗಿ ತಿಳಿಸುವುದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇವತ್ತು ಆಡಿದ್ದನ್ನು ನಾಳೆ ‘ನಾನು ಹಾಗಂದೇ ಇಲ್ಲ’ ಎನ್ನುವುದು ನಿನ್ನ ಅಭ್ಯಾಸ. ನಿನ್ನ ದನಿ ಏರಿದ ಮೇಲೆ ನನ್ನ ವಾಕ್ಯಗಳು ಅರ್ಧಕ್ಕೇ ನಿಂತುಹೋಗುತ್ತವೆ. ಅರ್ಧಕ್ಕೆ ನಿಂತ ವಾಕ್ಯ ನನಗೆ ಇಷ್ಟವಿಲ್ಲ.

ವಿಷಯಕ್ಕೆ ಬರುತ್ತೇನೆ. ಸೇನೆಯಿಂದ ನಿವೃತ್ತರಾದ ಮೇಲೆ ಅಪ್ಪ ಪಡೆದ ಪರವಾನಗಿ ಅಪ್ಪನದು ಮಾತ್ರ. ಮನೆಯದಲ್ಲ, ಮನೆತನದ್ದೂ ಅಲ್ಲ. ಜೂನ್‌ನಲ್ಲಿ ಅವರು ಲಿಂಗೈಕ್ಯರಾದ ದಿನವೇ ಅದರ ಆಯುಷ್ಯವೂ ಮುಗಿಯಿತು. ಯಾವ ಕಾರಣಕ್ಕಾದರೂ ಆಯುಧವನ್ನು ಇಟ್ಟುಕೊಳ್ಳುವ ಹಕ್ಕು ತಪ್ಪಿದರೆ, ಅನಗತ್ಯ ವಿಳಂಬ ಮಾಡದೆ ಅದನ್ನು ಹತ್ತಿರದ ಪೊಲೀಸ್ ಠಾಣೆಗೋ ಪರವಾನಗಿಯುಳ್ಳ ಬಂದೂಕು ವ್ಯಾಪಾರಿಗೋ ಒಪ್ಪಿಸಬೇಕು ಎನ್ನುತ್ತದೆ ಶಸ್ತ್ರಾಸ್ತ್ರ ಕಾಯ್ದೆಯ ಇಪ್ಪತ್ತೊಂದನೆಯ ಕಲಮು. ಒಪ್ಪಿಸಿದ ಮೇಲೆ ವಾರಸುದಾರನಾಗಿ ನೀನು ಲೈಸೆನ್ಸಿಗೆ ಅರ್ಜಿ ಹಾಕಬಹುದು. ಸಿಕ್ಕರೆ ಠಾಣೆಯಿಂದಲೇ ಬಿಡಿಸಿಕೊಳ್ಳಬಹುದು. ಸಿಗದಿದ್ದರೆ ಮಾರಬಹುದು. ಮೂರನೆಯ ದಾರಿ ಇಲ್ಲ.

‘ಕೊರಿಯರ್‌ಗೆ ಹಾಕು, ಇಲ್ಲಾಂದ್ರೆ ಬಸ್ಸಿಗೆ ಕೊಡು’ ಎಂದೆಯಲ್ಲ. ಕಳಿಸುವವರಿಗೂ ಪರವಾನಗಿ ಇಲ್ಲ, ಪಡೆಯುವವನಿಗೂ ಇಲ್ಲ, ನಡುವೆ ಹೊತ್ತೊಯ್ಯುವವನಿಗಂತೂ ಇಲ್ಲ. ಅಂಥ ಪಾರ್ಸಲ್ಲು ಮುಟ್ಟಿದ ಪ್ರತಿಯೊಂದು ಕೈಯನ್ನೂ ಅಪರಾಧಿಯ ಕಟಕಟೆಗೆ ಎಳೆಯಬಲ್ಲದು. ಕನಿಷ್ಠ ಶಿಕ್ಷೆಯೇ ಎರಡು ವರ್ಷ. ಇದನ್ನು ನಾನು ಊಹೆಯಿಂದ ಬರೆಯುತ್ತಿಲ್ಲ. ಕಾನೂನು ಕಾಲೇಜಿನಲ್ಲಿ ಈ ನಾಲ್ಕು ವರ್ಷವೂ ತರಗತಿಗೆ ಮೊದಲು ಬಂದವಳಿಗೆ ಇಷ್ಟು ಓದಲು ಬರುತ್ತದೆ ಎಂದು ನಂಬು.

ನಿನ್ನೆ ಭದ್ರಾವತಿಗೆ, ಜನ್ನಾಪುರದ ಮನೆಗೆ ಹೋಗಿ ಅಮ್ಮನಿಗೂ ಎಲ್ಲವನ್ನೂ ಓದಿ ಹೇಳಿದೆ. ಅವಳು ಬೀರುವಿನ ಕಡೆಗೊಮ್ಮೆ ನೋಡಿ, “ಹಂಗಾದ್ರೆ ಅದು ಮನೇಲಿ ಇರ್ಬಾರ್ದು ಅಂತೀಯಾ?” ಎಂದಳು. “ಒಂದು ದಿನವೂ ಇರಕೂಡದು” ಎಂದೆ.

ಇಂತು,
ತನುಜಾ

*

ಆಯನೂರು
2-9-24

ಲಾಯರಮ್ಮ ತನುಜಾ ಅವರಿಗೆ ಅಣ್ಣನ ದೊಡ್ಡ ನಮಸ್ಕಾರ.

ನಿನ್ ಕಾಗದ ಬಂತು. ರಿಜಿಸ್ಟರ್ಡ್ ಪೋಸ್ಟ್ ಬೇರೆ! ಪೋಸ್ಟ್‌ಮ್ಯಾನ್ ಸಹಿ ಹಾಕಿಸ್ಕೊಂಡು “ಏನ್ ರುದ್ರೇಶಣ್ಣ, ಕೋರ್ಟ್ ನೋಟಿಸಾ?” ಅಂದ. ಇಲ್ಲ ಮಾರಾಯ, ತಂಗಿ ಪ್ರೀತಿ ಅಂದೆ.

ನಿನ್ ಥರ ಬರೆಯೋಕೆ ನಂಗೆ ಬರಲ್ಲ. ನೀನು ಮೆಡಲ್ ತಂದಾಗೆಲ್ಲ ಅಪ್ಪ ನನ್ನ ಕರೆದು “ನೋಡೋ, ಕಣ್ ತುಂಬ ನೋಡ್ಕೋ” ಅಂತಿದ್ರು. ನೋಡ್ಕೊಂಡೆ. ಆಮೇಲೆ ಒಂದಿನ ಹೊಸಿಲು ದಾಟಿದ್ರೆ ಮತ್ತೆ ಬರ್ಬೇಡ ಅಂದ್ರು, ದಾಟಿದೆ. ಮಣ್ಣು ಮಾಡೋ ದಿನ ಬಂದೆ, ಅವತ್ತೂ ಜನ ನನ್ನ ಮುಖಾನೇ ನೋಡ್ತಿದ್ರು, ಅಳ್ತಾನೋ ಇಲ್ವೋ ಅಂತ.

ಮನೆ ನೀವಿಟ್ಕೊಳಿ. ಪೆನ್ಷನ್ ಅಮ್ಮಂದು. ನಂಗೆ ಬೇಕಿರೋದು ಅದೊಂದೇ. ಯಾಕೆ ಅಂದ್ರೆ ಆಯುಧಪೂಜೆ ದಿನ ಅಪ್ಪ ಅದನ್ನ ಬಿಚ್ಚಿ ಎಣ್ಣೆ ಹಾಕಿ ಒರೆಸೋಕೆ ನನ್ನೇ ಕೂರಿಸ್ಕೊಳ್ತಿದ್ರು, ನಿನ್ನಲ್ಲ. ಒಂದು ಮಾತು ಬೈತಿರ್ಲಿಲ್ಲ ಅವತ್ತು. “ಹಂಗಲ್ಲ, ಹಿಂಗೆ” ಅಂತ ಕೈ ಹಿಡಿದು ತೋರಿಸೋರು. ವರ್ಷಕ್ಕೊಂದಿನ ನಾನೂ ಮಗ. ನಿನ್ ಪುಸ್ತಕದಲ್ಲಿ ಇದಕ್ಕೆ ಯಾವ ಕಲಮು ಐತೆ ನೋಡಿ ಹೇಳು.

ಇನ್ನೊಂದು. ಇಲ್ಲಿ ನಾನು ಜೆಸಿಬಿ ನಿಲ್ಸೋ ಜಾಗದ ತಕರಾರು ನಡೀತಿದೆ. ಸಂಜೆ ಇಬ್ರು ಬಂದು ಗೇಟ್ ಹತ್ರ ನಿಂತು ಹೋಗ್ತಾರೆ. ಮಾತಾಡಲ್ಲ, ಬೈಯಲ್ಲ, ನಿಂತು ಹೋಗ್ತಾರೆ. ನಾನೇನು ಯಾರಿಗೂ ಹೊಡೆಯೋಕೆ ಹೋಗಲ್ಲ. ಮನೇಲಿ ಐತೆ ಅಂತ ಊರಿಗೆ ಗೊತ್ತಾದ್ರೆ ಸಾಕು.

ಬಸ್ಸಲ್ಲಿ ಬರೋಕಾಗಲ್ಲ ಅಂತೀಯ. ಅಮ್ಮ ಕಳಿಸೋ ಊಟದ ಡಬ್ಬಿ ನಾಲ್ಕು ವರ್ಷದಿಂದ ಬಸ್ಸಲ್ಲೇ ಬರ್ತಿದೆ, ಗೊತ್ತಾ? ಗೊತ್ತಿಲ್ಲ ಅಲ್ವಾ? ಅಪ್ಪಂಗೂ ಗೊತ್ತಿರ್ಲಿಲ್ಲ. ಕಂಡಕ್ಟರ್ ಗಣೇಶ್ ಭದ್ರಾವತೀಲಿ ಇಸ್ಕೊಂಡು ಇಲ್ಲಿ ಕೊಟ್ಟು, ಖಾಲಿ ಡಬ್ಬಿ ವಾಪಸ್ ತಗೊಂಡು ಹೋಗ್ತಾನೆ. ಒಂದು ದಿನ ಮುಚ್ಚಳ ತೆಗೆದು ನೋಡಿದವನಲ್ಲ. ನಿನ್ ಸರ್ಕಾರಕ್ಕಿಂತ ಅವನ ಮೇಲೆ ನಂಗೆ ನಂಬಿಕೆ ಜಾಸ್ತಿ.

ರುದ್ರೇಶ್

*

ಶಿವಮೊಗ್ಗ
16 ಸೆಪ್ಟೆಂಬರ್ 2024

ಅಣ್ಣ,

ಡಬ್ಬಿಯ ವಿಷಯ ನನಗೆ ತಿಳಿದಿರಲಿಲ್ಲ. ನಾಲ್ಕು ವರ್ಷ ಪ್ರತಿ ಭಾನುವಾರ ಅದೇ ಅಡುಗೆಮನೆಯಲ್ಲಿ ಕುಳಿತು ಊಟ ಮಾಡಿದ್ದೇನೆ. ಅಮ್ಮನನ್ನು ಕೇಳಿದೆ. “ನೀನು ಕೇಳಿದ್ರೆ ಹೇಳ್ತಿದ್ದೆ” ಎಂದಳು.

ಎಣ್ಣೆ ಹಾಕಿ ಒರೆಸುತ್ತಿದ್ದ ವಿಷಯ ನೆನಪಿದೆ. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಹತ್ತಿರ ಬಂದರೆ ಅಪ್ಪ “ನೀನು ಓದ್ಕೋ ಹೋಗು” ಎನ್ನುತ್ತಿದ್ದರು. ನಿನಗೆ ನೆನಪಿರಲಾರದು.

ಇನ್ನು ವ್ಯವಹಾರ. ನೀನು ಅರ್ಜಿ ಹಾಕುವುದಾದರೆ ನನ್ನದೂ ಅಮ್ಮನದೂ ಆಕ್ಷೇಪಣೆ ಇಲ್ಲವೆಂದು ಬರೆದುಕೊಡುತ್ತೇವೆ. ಅಲ್ಲಿಯವರೆಗೆ ಅದು ಠಾಣೆಯಲ್ಲಿರಬೇಕು. ಗೇಟಿನ ಬಳಿ ನಿಲ್ಲುವವರ ವಿರುದ್ಧ ದೂರು ಕೊಡು. ದೂರಿನ ಕರಡನ್ನು ನಾನು ಬರೆದುಕೊಡಬಲ್ಲೆ.

ಕಳೆದ ವಾರವೇ ಒಪ್ಪಿಸಲು ಅಮ್ಮನನ್ನು ಕರೆದುಕೊಂಡು ಹೊರಟಿದ್ದೆ. ಅವಳು ಚಪ್ಪಲಿ ಹಾಕಿಕೊಂಡವಳು ಮತ್ತೆ ಬಿಟ್ಟಳು. “ಅವರಿದ್ದಾಗ ಒಂದು ವರ್ಷನೂ ಪೂಜೆ ತಪ್ಪಿಲ್ಲ. ಈ ಸಲ ಒಂದು ವಿಭೂತಿ ಹಚ್ಚಿ, ಹೂವಿಟ್ಟು, ಆಮೇಲೆ ಕೊಡಾಣ. ಪೊಲೀಸ್ರು ಪೂಜೆ ಮಾಡ್ತಾರಾ ಅದಕ್ಕೆ?” ಎಂದಳು. ಮಾಡುತ್ತಾರೆ, ಠಾಣೆಯಲ್ಲೂ ಆಯುಧಪೂಜೆ ನಡೆಯುತ್ತದೆ ಎಂದೆ. “ಅವರವರ ಬಂದೂಕಿಗೆ ಮಾಡ್ಕೋತಾರೆ” ಎಂದಳು. ಅಕ್ಟೋಬರ್ ಹನ್ನೊಂದಕ್ಕೆ ಪೂಜೆ. ಹದಿನಾಲ್ಕು, ಸೋಮವಾರ ನಾನೇ ಜನ್ನಾಪುರಕ್ಕೆ ಹೋಗಿ ಒಪ್ಪಿಸುತ್ತೇನೆ ಎಂದು ನಿಶ್ಚಯಿಸಿದ್ದೇವೆ. ಅದಕ್ಕೆ ಮುಂಚೆ ಭಾನುವಾರಗಳಂದೂ ಹೋಗಲಾಗದು. ನ್ಯಾಯಾಧೀಶರ ನೇಮಕಾತಿಯ ಪರೀಕ್ಷೆಗೆ ಈಗಿನಿಂದಲೇ ಓದುತ್ತಿದ್ದೇನೆ. ಹಬ್ಬದ ರಜೆಯಲ್ಲೂ ಹಾಸ್ಟೆಲಿನಲ್ಲೇ ಉಳಿಯುತ್ತೇನೆ.

ತನುಜಾ

*

ಜನ್ನಾಪುರ
ಶನಿವಾರ, ವಿಜಯದಶಮಿ, 12-10-24

ಚಿ. ತನುಜಾಳಿಗೆ ಅಮ್ಮನ ಆಶೀರ್ವಾದ.

ಡಬ್ಬಿ ಜೊತೆ ಈ ಚೀಟಿ ಇಟ್ಟಿದೀನಿ. ಇಂಥ ವಿಷಯ ಫೋನಲ್ಲಿ ಆಡ್ಬಾರ್ದು ಅಂತ ನೀನೇ ಹೇಳಿದ್ದೆ. ಮೇಲಿನ ಡಬ್ಬೀಲಿ ಹೋಳಿಗೆ, ಕೆಳಗೆ ಕಟ್ಟಿನ ಸಾರು. ಇವತ್ತೇ ತಿನ್ನು, ಸಾರು ಉಳಿಯಲ್ಲ.

ನಿನ್ನೆ ಪೂಜೆ ಮಾಡಿದೆ. ವಿಭೂತಿ ಹಚ್ಚಿ ಸೇವಂತಿಗೆ ಇಟ್ಟೆ. ಒಬ್ಬಳೇ ಇದ್ದೆ, ಹಂಗಾಗಿ ಬೇಗ ಮುಗೀತು.

ನೀನು ಓದಿ ಹೇಳಿದಾಗಿಂದ ನಂಗೆ ಬೀರು ತೆಗೆಯೋಕೇ ಭಯ. ಸೀರೆ ಬೇಕಾದ್ರೂ ತೆಗೀತಿರ್ಲಿಲ್ಲ. ಯಾರಾದ್ರೂ ಬಾಗಿಲು ತಟ್ಟಿದ್ರೆ ಪೊಲೀಸೇ ಅನ್ಸೋದು. ಜಡ್ಜ್ ಆಗೋಳ ಮನೇಲಿ ಇಂಥದ್ದು ಸಿಕ್ರೆ ನಿನ್ನ ಗತಿ ಏನು? ಸ್ಟೇಷನ್‌ಗೆ ಕೊಟ್ರೆ ಇಷ್ಟು ದಿನ ಯಾಕಿಟ್ಕೊಂಡಿದ್ರಿ ಅಂತ ಕೇಳಿದ್ರೆ ನೀನೇನು ಹೇಳ್ತೀಯ? ನಿನ್ನ ಹೆಸರು ಅಲ್ಲಿ ಬರೆಸೋದೇ ಬೇಡ ಅನ್ನಿಸ್ತು.

ಅದಕ್ಕೆ ರುದ್ರನ ಡಬ್ಬಿ ಜೊತೆ ಕಳಿಸಿಬಿಟ್ಟೆ. ಬಟ್ಟೇಲಿ ಸುತ್ತಿ, ಮೇಲೆ ಹೋಳಿಗೆ ಇಟ್ಟು, ದಾರ ಕಟ್ಟಿದೀನಿ. ಗಣೇಶಂಗೆ ಏನೂ ಹೇಳಿಲ್ಲ. ಪಾಪ, ಯಾಕೆ ಅವನಿಗೆ ಇಲ್ಲದ ಭಯ.

ನೀನು ಸೋಮವಾರ ಬರೋದು ಬೇಡ. ಓದ್ಕೋ. ಇನ್ನು ಅದು ಮನೇಲಿಲ್ಲ.

ಅಮ್ಮ

*

ಶಿವಮೊಗ್ಗ
20 ಅಕ್ಟೋಬರ್ 2024

ಅಣ್ಣ,

ಒಂದು ವಾರದಿಂದ ನಿನ್ನ ಫೋನು ಬಂದ್ ಆಗಿದೆ. ಆಯನೂರಿನ ವಿಳಾಸಕ್ಕೇ ಬರೆಯುತ್ತಿದ್ದೇನೆ. ಯಾರಾದರೂ ನಿನಗೆ ತಲುಪಿಸಿಯಾರು. ನಡೆದದ್ದನ್ನು ನೀನು ತುಂಡುತುಂಡಾಗಿ ಕೇಳಿರಬಹುದು. ಪೂರ್ತಿಯಾಗಿ ತಿಳಿದಿರಲಿ.

ವಿಜಯದಶಮಿಯ ಬೆಳಿಗ್ಗೆ ಗಣೇಶ್ ಫೋನು ಮಾಡಿ, ಅಮ್ಮ ಡಬ್ಬಿ ಕೊಟ್ಟಿದ್ದಾರೆ, ಬಸ್ ಸ್ಟ್ಯಾಂಡಿಗೆ ಬನ್ನಿ ಎಂದ. ಹೋದೆ. ಬಸ್ಸಿನ ಮುಂದೆ ಬಾಳೆಕಂದು, ಗಾಜಿನ ತುಂಬ ಚೆಂಡುಹೂವು. ಚಾಲಕನಿಗೆ ರಸ್ತೆ ಕಾಣುವಷ್ಟು ಮಾತ್ರ ಜಾಗ ಬಿಟ್ಟಿದ್ದರು. ಗಣೇಶ್ ನನ್ನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಎತ್ತಿ ತೋರಿಸಿದ.

“ಅಕ್ಕ, ಏನ್ರಿ ಇದು, ನಿಮ್ಮಣ್ಣಂಗೆ ಈ ಸಲ ಕಬ್ಬಿಣದ ಹೋಳಿಗೆನಾ? ಕೈ ಬಿದ್ದೋಗ್ತಿದೆ!”

“ತಲುಪಿಸುವುದಷ್ಟೇ ನಿಮ್ಮ ಕೆಲಸ” ಎಂದೆ.

“ಆಯ್ತು ಮೇಡಂ” ಎಂದು ನಕ್ಕ. ಅಕ್ಕ ಎಂದವನು ಮೇಡಂ ಎಂದ. ಡಬ್ಬಿಯನ್ನು ತನ್ನ ಸೀಟಿನ ಕೆಳಗಿಟ್ಟು ವಿಷಲ್ ಊದಿದ. ನಾನು ಹಾಸ್ಟೆಲಿಗೆ ಬಂದು ಮುಚ್ಚಳ ತೆಗೆದು ಅಮ್ಮನ ಚೀಟಿ ಓದುವ ಹೊತ್ತಿಗೆ ಬಸ್ಸು ಸಾಗರ ರಸ್ತೆಯಲ್ಲಿತ್ತು. ಅವನಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಬೇರೆ ಯಾರೋ ಎತ್ತಿ “ಯಾರು ನೀವು?” ಎಂದರು. ನಾನು ಕಟ್ ಮಾಡಿದೆ.

ಗಾಂಜಾ ಸಾಗಿಸುತ್ತಾರೆಂದು ಪೊಲೀಸರು ಬಸ್ಸುಗಳನ್ನು ನಿಲ್ಲಿಸಿ ಪಾರ್ಸಲ್ಲುಗಳನ್ನು ನೋಡುತ್ತಿದ್ದರಂತೆ. ಗಣೇಶ್ ತಾನೇ ಡಬ್ಬಿ ಮುಂದಿಟ್ಟು, “ಹೋಳಿಗೆ ಸಾರ್, ಬೇಕಾದ್ರೆ ಒಂದು ತಗಳಿ” ಎಂದನಂತೆ. ಠಾಣೆಯಲ್ಲಿ ಮೊದಲಿಗೆ ಅಮ್ಮನ ಹೆಸರನ್ನು ಹೇಳಲೇ ಇಲ್ಲ. ಭದ್ರಾವತಿಯಲ್ಲಿ ಯಾರೋ ಕೊಟ್ಟರು ಎಂದಷ್ಟೇ ಅಂದ. ರಿವಾಲ್ವರಿನ ಮೇಲಿದ್ದ ನಂಬರಿನಿಂದ ಅವರು ಅಪ್ಪನ ಹೆಸರನ್ನು ಹುಡುಕಿಕೊಂಡು ಮನೆಗೆ ಬಂದರು.

ಆಗ ನಾನು ಅಮ್ಮನ ಪಕ್ಕದಲ್ಲಿದ್ದೆ. ಬಂದ ಅಧಿಕಾರಿ ಕೆಟ್ಟವರಲ್ಲ, ದಣಿದಿದ್ದರು. “ಏನಮ್ಮ, ರಿವಾಲ್ವರ್ ಮೇಲೆ ಹೋಳಿಗೆ ಇಟ್ಟಿದೀರ, ತುಪ್ಪ ಮರೆತ್ರಾ?” ಎಂದರು. ಮಾತಾಡಬೇಡ ಎಂದು ನಾನು ಅಮ್ಮನ ಕೈ ಅದುಮಿದೆ. ಅಮ್ಮ ತಲೆಯೆತ್ತಿ, “ತುಪ್ಪ ಬೇರೆ ಡಬ್ಬೀಲಿತ್ತು ಸಾರ್” ಎಂದಳು.

ಗಣೇಶ್ ಈಗ ನ್ಯಾಯಾಂಗ ಬಂಧನದಲ್ಲಿದ್ದಾನೆ. ಬಸ್ಸಿನ ಮಾಲೀಕರು ಬೇರೆ ಕಂಡಕ್ಟರನನ್ನು ಹಾಕಿಕೊಂಡಿದ್ದಾರೆ. ಅಮ್ಮನಿಗೆ ಸದ್ಯಕ್ಕೆ ನೋಟಿಸು ಮಾತ್ರ ಬಂದಿದೆ. ವಯಸ್ಸು ನೋಡಿ ಬಿಟ್ಟಿದ್ದಾರೆ, ಬಹಳ ದಿನ ಬಿಡುವುದಿಲ್ಲ. ಕಾನೂನಿನ ಪ್ರಕಾರ ಗಣೇಶ್ ಬಿಡುಗಡೆಯಾಗಲು ಒಂದೇ ಒಂದು ಸಂಗತಿ ರುಜುವಾತಾಗಬೇಕು: ಡಬ್ಬಿಯಲ್ಲಿ ಏನಿತ್ತೆಂದು ಅವನಿಗೆ ತಿಳಿದಿರಲಿಲ್ಲ. ಅದನ್ನು ಹೇಳಬಲ್ಲವಳು ಅದನ್ನು ತುಂಬಿದವಳು ಮಾತ್ರ, ಇಲ್ಲವೇ ಅವಳು ನನಗೆ ಬರೆದ ಚೀಟಿ. ಹೇಳಿದರೆ ಅವಳು ಒಳಗೆ ಹೋಗುತ್ತಾಳೆ.

ನಾನು ಆಗಸ್ಟ್‌ನಲ್ಲಿ ಏನು ಹೇಳಿದ್ದೆನೋ ಅಮ್ಮ ಅಕ್ಷರಶಃ ಅದನ್ನೇ ಪಾಲಿಸಿದ್ದಾಳೆ. ಬೇರೇನೂ ಇಲ್ಲ.

ನೀನು ಎಲ್ಲಿದ್ದರೂ ಬಾ.

ತನುಜಾ

*

18-11-24

ತನು,

ಎಲ್ಲಿಂದ ಬರೀತಿದೀನಿ ಅಂತ ಕೇಳ್ಬೇಡ. ಊರಲ್ಲಿಲ್ಲ.

ನೀನು ಬಾ ಅಂತೀಯ. ಬಂದ್ರೆ ನನ್ನೂ ಸೇರಿಸ್ತಾರೆ, ಅಮ್ಮನ್ನ ನೋಡ್ಕೊಳೋಕೆ ಹೊರಗೆ ಒಬ್ಬನೂ ಇರಲ್ಲ. ಹೆದರಿ ಓಡಿದ ಅಂತ ಬೇಕಾದ್ರೆ ಅನ್ಕೋ. ಗೇಟ್ ಹತ್ರ ನಿಲ್ತಿದ್ರಲ್ಲ, ಈಗ ಒಳಗೇ ಬಂದು ಕೂತಿದಾರಂತೆ. ನಗು ಬರುತ್ತೆ.

ಒಬ್ಬ ವಕೀಲರನ್ನ ಕಂಡೆ. ಪೊಲೀಸ್ರ ಮುಂದೆ ಅಮ್ಮ ಏನೇ ಒಪ್ಕೊಂಡಿದ್ರೂ ಕೋರ್ಟಲ್ಲಿ ನಿಲ್ಲಲ್ಲ ಅಂದ್ರು. ಹೌದು ತಾನೆ? ನಿಂಗೇ ಗೊತ್ತಿರುತ್ತೆ. ಅವರೊಂದು ಹೇಳಿಕೆ ಬರೆದುಕೊಟ್ಟಿದಾರೆ, ಇದರ ಜೊತೆ ಇಟ್ಟಿದೀನಿ. ನೀನು ಸಹಿ ಹಾಕ್ಬೇಕು, ಅಷ್ಟೇ. ಅದ್ರಲ್ಲಿ ಬರೆದಿರೋದು ಹಿಂಗೆ: ಹಬ್ಬಕ್ಕೆ ನೀನು ಮನೆಗೆ ಬಂದಿದ್ದೆ. ಪೂಜೆಗಿಟ್ಟಿದ್ದ ರಿವಾಲ್ವರನ್ನ ಹಬ್ಬ ಮುಗಿದ ಕೂಡ್ಲೆ ಸ್ಟೇಷನ್‌ಗೆ ಕೊಡೋರಿದ್ರಿ. ಗಣೇಶ್ ಡಬ್ಬಿ ಇಸ್ಕೊಳೋಕೆ ಒಳಗೆ ಬಂದಿದ್ದ, ಅವನು ಹೋದ ಮೇಲೆ ನೋಡಿದ್ರೆ ಇರ್ಲಿಲ್ಲ. ಅಮ್ಮಂಗೆ ಗಾಬರಿಯಾಗಿ ದೂರು ಕೊಡೋಕೆ ತಡ ಆಯ್ತು. ಇಷ್ಟೇ. ಬೇರೆ ಯಾರು ಹೇಳಿದ್ರೂ ನಂಬಲ್ಲ ತನು. ನೀನು ಹೇಳಿದ್ರೆ ನಂಬ್ತಾರೆ. ಹುಟ್ಟಿದಾಗಿಂದ ಒಂದು ಸುಳ್ಳು ಹೇಳಿದವಳಲ್ಲ ಅಂತ ಇಡೀ ಜನ್ನಾಪುರಕ್ಕೆ ಗೊತ್ತು.

ಗಣೇಶಂಗೆ ಮೂವತ್ತು ವರ್ಷ. ಬೇಲ್ ಆಗುತ್ತೆ, ಕೇಸು ಹತ್ತು ವರ್ಷ ಎಳೆಯುತ್ತೆ, ಅವನ ಸಂಸಾರ ನಾನು ನೋಡ್ಕೋತೀನಿ, ಆಣೆ. ಅಮ್ಮಂಗೆ ಅರವತ್ತೆರಡು. ಶುಗರ್, ಬಿಪಿ. ಮೆಟ್ಟಿಲು ಹತ್ತಿದ್ರೆ ಉಬ್ಬಸ. ಜೈಲಲ್ಲಿ ಎರಡು ವರ್ಷ ಅಲ್ಲ, ಎರಡು ತಿಂಗಳು ಉಳೀತಾಳಾ, ನೀನೇ ಹೇಳು.

ನಿನ್ ಆಗಸ್ಟ್ ಕಾಗದ ಸುಟ್ಟೆ. ನಕಲಿದ್ರೆ ನೀನೂ ಸುಡು, ಅಮ್ಮನ ಚೀಟೀನೂ.

ನಾನು ನಿನ್ನ ಹತ್ರ ಯಾವತ್ತೂ ಏನೂ ಕೇಳಿಲ್ಲ. ಕೇಳಿದ್ದು ಒಂದೇ, ಅದೂ ಕೊಡ್ಲಿಲ್ಲ. ಇದು ಎರಡನೇದು. ನಂಗೋಸ್ಕರ ಅಲ್ಲ.

ರುದ್ರ

*

ಜನ್ನಾಪುರ
2-12-24

ಚಿ. ತನುಜಾಳಿಗೆ ಅಮ್ಮನ ಆಶೀರ್ವಾದ.

ನೀನು ಭಾನುವಾರ ಬಂದಾಗ ಇದನ್ನ ಬಾಯಲ್ಲಿ ಹೇಳೋಕೆ ಆಗ್ಲಿಲ್ಲ. ನೀನು ಎದುರಿಗೆ ಕೂತ್ರೆ ನಂಗೆ ಮಾತು ತಪ್ಪುತ್ತೆ. ಅದಕ್ಕೆ ಬರೀತಿದೀನಿ.

ಮೊನ್ನೆ ಗಣೇಶನ ಹೆಂಡ್ತಿ ಸೌಂದರ್ಯ ಬಂದಿದ್ಲು. ಬಾಗಿಲಲ್ಲೇ ನಿಂತ್ಲು. ಕೈಯಲ್ಲಿ ನಮ್ಮದೇ ಡಬ್ಬಿ. ಹಬ್ಬದ ಹಿಂದಿನ ವಾರದ್ದು, ಅವರ ಮನೇಲಿ ಉಳಿದುಬಿಟ್ಟಿತ್ತಂತೆ. ತೊಳೆದು ಒರೆಸಿ ತಂದಿದ್ಲು. “ನಿಮ್ದು ಅಮ್ಮ, ತಗಳಿ” ಅಂದ್ಲು. ಒಳಗೆ ಬಾ, ಕಾಫಿ ಕುಡಿ ಅಂದೆ. “ಬೇಡಮ್ಮ, ಬಸ್ಸಿಗೆ ಹೊತ್ತಾಯ್ತು” ಅಂದ್ಲು. ಏನೂ ಕೇಳ್ಲಿಲ್ಲ. ನನ್ನ ಮುಖ ನೋಡ್ಲಿಲ್ಲ. ನಾಲ್ಕು ಜನ ಸೇರೋ ಹಂಗೆ ಬೈದಿದ್ರೆ ಚೆನ್ನಾಗಿತ್ತು.

ಇದೆಲ್ಲ ಯಾಕೆ ಬರೆದೆ ಅಂದ್ರೆ, ನಾನು ಕೇಳ್ತಿರೋದು ಏನು ಅಂತ ನಂಗೆ ಗೊತ್ತಿಲ್ಲ ಅಂತ ನೀನು ತಿಳ್ಕೋಬಾರ್ದು. ಗೊತ್ತಿದೆ.

ರುದ್ರ ಕಳಿಸಿದ ಕಾಗದಕ್ಕೆ ಸಹಿ ಮಾಡು ಮಗಳೇ. ನನಗೆ ಜೈಲಿನ ಭಯ ಇಲ್ಲ ಅಂದ್ರೆ ಸುಳ್ಳಾಗುತ್ತೆ. ನಿನ್ನೆ ಕನಸಲ್ಲಿ ನನ್ನ ಕೊರಳ ಲಿಂಗ ಬಿಚ್ಚಿಸ್ಕೊಂಡ್ರು. ಒಳಗೆ ಹೋದ್ರೆ ಅದನ್ನೂ ತೆಗೀತಾರಾ? ನೀನು ಓದಿರ್ತೀಯ. ತೆಗೆಯಲ್ಲ ಅಂದ್ರೆ ಹಂಗಂತ ಒಂದು ಮಾತು ಬರಿ.

ಅದಕ್ಕಿಂತ ನಿನ್ನದೇ ಚಿಂತೆ. ತಾಯಿ ಜೈಲಲ್ಲಿದಾಳೆ ಅಂದ್ರೆ ನಿನ್ನನ್ನ ಆ ಕುರ್ಚೀಲಿ ಯಾರು ಕೂರಿಸ್ತಾರೆ? ಅಪ್ಪ ಎಷ್ಟು ಆಸೆ ಇಟ್ಕೊಂಡಿದ್ರು. ಒಂದು ಸಹಿ. ಆಮೇಲೆ ದಿನಾ ದೇವರ ಮುಂದೆ ನಾನು ಕೂತು ಅನುಭವಿಸ್ತೀನಿ, ನಿಂಗೆ ಅಂಟೋದು ಬೇಡ.

ನಾನು ಯಾವತ್ತಾದ್ರೂ ನಿನ್ನ ಹತ್ರ ಕೈ ಒಡ್ಡಿದೀನಾ?

ಅಮ್ಮ

*

ಶಿವಮೊಗ್ಗ
9 ಡಿಸೆಂಬರ್ 2024

ಅಮ್ಮ,

ನಿನ್ನ ಪತ್ರ ಗುರುವಾರ ಬಂತು. ಉತ್ತರಿಸಲು ತಡವಾಯಿತು.

ಬಿಪಿ ಮಾತ್ರೆ ಎರಡು ತಿಂಗಳಿಗಾಗುವಷ್ಟು ತೆಗೆದಿಟ್ಟಿದ್ದೇನೆ. ಈ ಭಾನುವಾರ ತರುತ್ತೇನೆ. ಶುಗರಿನ ಮಾತ್ರೆಯನ್ನು ಬದಲಿಸಬಾರದೆಂದು ಡಾಕ್ಟರರಿಂದ ಪತ್ರ ಬರೆಸಿಕೊಳ್ಳಬೇಕು. ಅದು ನಿನ್ನ ಬಳಿಯೂ ಒಂದು, ವಕೀಲರ ಬಳಿಯೂ ಒಂದು ಇರಲಿ. ಎರಡು ಹತ್ತಿ ಸೀರೆ, ಒಂದು ಸ್ವೆಟರು ಬೇರೆ ಎತ್ತಿಡು. ಗ್ಯಾಸ್ ಸಿಲಿಂಡರ್ ನಾನೇ ಬುಕ್ ಮಾಡಿದ್ದೇನೆ. ಆದರೆ ನೀನು ಒಬ್ಬಳೇ ಅದನ್ನು ಉರುಳಿಸಲು ಹೋಗಬೇಡ, ತಂದವನಿಗೇ ಹೇಳು.

ವಕೀಲೆ ಸುಮನಾ ಮೇಡಂ ನಿನ್ನ ಪ್ರಕರಣವನ್ನು ಒಪ್ಪಿಕೊಂಡಿದ್ದಾರೆ. ನಿರೀಕ್ಷಣಾ ಜಾಮೀನಿನ ಅರ್ಜಿ ಇನ್ನೂ ವಿಚಾರಣೆಗೆ ಬಂದಿಲ್ಲ. ಸಿಗಬಹುದೇ ಎಂದು ಕೇಳಿದೆ. “ನಿನಗೆ ನಾನು ಸಮಾಧಾನ ಹೇಳ್ಬೇಕಾ, ಇದ್ದದ್ದು ಹೇಳ್ಬೇಕಾ?” ಎಂದರು. ಇದ್ದದ್ದು ಹೇಳಿ ಎಂದೆ. ಸಿಕ್ಕರೂ ಅದು ವಿಚಾರಣೆ ಮುಗಿಯುವ ತನಕ ಮಾತ್ರ ಎಂದರು. ಆಮೇಲಿನದು ನನಗೂ ಗೊತ್ತು. ನಾವಿಬ್ಬರೂ ಓದಿರುವುದು ಒಂದೇ ಕಾಯ್ದೆ.

ಲಿಂಗದ ವಿಷಯ ಕೇಳಿದ್ದೀಯ. ಪುಸ್ತಕಗಳಲ್ಲಿ ಹುಡುಕಿದೆ. ಖಚಿತವಾಗಿ ಹೇಳಬಹುದಾದ ಒಂದು ವಾಕ್ಯ ನನಗೆ ಸಿಗಲಿಲ್ಲ. ಇಟ್ಟುಕೊಳ್ಳಲು ಬಿಡಬೇಕೆಂದು ಮನವಿ ಬರೆದಿದ್ದೇನೆ. ಬಿಡುತ್ತಾರೆ ಎಂದು ಬರೆಯಲಾರೆ.

ಅಣ್ಣನ ಸುದ್ದಿಯಿಲ್ಲ. ಹದಿನಾರನೆಯ ತಾರೀಖು ತನಿಖಾಧಿಕಾರಿ ನನ್ನನ್ನು ಹೇಳಿಕೆಗೆ ಕರೆದಿದ್ದಾರೆ. ಹೋಗುತ್ತೇನೆ.

ಭಾನುವಾರ ನನಗೆಂದು ವಿಶೇಷವಾಗಿ ಏನೂ ಮಾಡಬೇಡ. ಅನ್ನ, ಸಾರು ಸಾಕು. ಆ ದಿನ ನಾವು ಈ ವಿಷಯ ಮಾತಾಡುವುದು ಬೇಡ.

ಅಣ್ಣ ಕಳಿಸಿದ ಹೇಳಿಕೆಗೆ ನಾನು ಸಹಿ ಮಾಡುವುದಿಲ್ಲ.

ತನುಜಾ